ಭರ್ತಿ ಗಾಡಿ

ಮುಂಡರಗಿಯ ಗೋದಾಮಿನಲ್ಲಿ
ಜೀನ್ಸಿನ ಬೇಲುಗಳನ್ನು ಗೋಡೆಗೆ ಒಟ್ಟಿದೆವು,
ತಲೆಯ ಮೇಲೂ ಎರಡು ಸಾಲು.
ದನಿ ನುಂಗಲು ಇದಕ್ಕಿಂತ ಒಳ್ಳೇ ಬಟ್ಟೆ
ಬಳ್ಳಾರಿಯಲ್ಲೇ ಇಲ್ಲ ಎಂದ ಪಂಪಾಪತಿ.
ಮೂವತ್ತೆರಡು ಸೈಜು, ಮೂವತ್ತನಾಲ್ಕು ಸೈಜು,
ಸೋಮವಾರ ಸೋಲಾಪುರಕ್ಕೆ ಹೋಗಬೇಕಾದ ಮಾಲು.
ಅಷ್ಟರೊಳಗೆ ಹಾಡು ಮುಗಿಯಬೇಕು,
ಇಲ್ಲವಾದರೆ ನಮ್ಮ ಗೋಡೆಯೇ ಲಾರಿ ಹತ್ತುತ್ತದೆ.

ಫ್ಯಾನು ಆರಿಸಿದೆವು; ಅದರ ಕಿರುಗುಡುವಿಕೆ ಮೈಕಿಗೆ ಬೀಳುತ್ತಿತ್ತು.
ಏಪ್ರಿಲ್ ತಿಂಗಳು. ರಾತ್ರಿ ಹನ್ನೊಂದಾದರೂ
ತಗಡಿನ ಸೂರು ರೊಟ್ಟಿ ಹಂಚಿನಂತೆ ಕಾದೇ ಇತ್ತು.
ಖಲಂದರನ ಡ್ರಮ್ಮಿನ ಕೋಲು ಬೆವರಿಗೆ ಜಾರಿ
ಎರಡು ಸಲ ಹಾರಿತು, ಒಮ್ಮೆ ನನ್ನ ಕಿವಿಯ ಪಕ್ಕ.
ಅವನ ಕೈಗೆ ತಾಳ ಕಲಿಸಿದ್ದು ಯಾವ ಮೇಷ್ಟ್ರೂ ಅಲ್ಲ,
ಗುಂಡಿ ಒತ್ತುವ ಯಂತ್ರ.
ದಿನಕ್ಕೆ ಮೂರು ಸಾವಿರ ಗುಂಡಿ,
ಒತ್ತು, ತೆಗೆ, ಒತ್ತು, ತೆಗೆ,
ನಡುವೆ ಒಂದು ಸೊಟ್ಟಗಾದರೆ ಬೈಗುಳ.
ಆ ಬೈಗುಳದ ಜಾಗದಲ್ಲೇ ಈಗವನು ಸಿಂಬಲ್ ಹೊಡೆಯುತ್ತಾನೆ.

ನಾನು ಬೇಸ್. ವಾಷಿಂಗ್ ಯೂನಿಟ್ಟಿನವನು.
ಉಗುರಿನ ನೀಲಿ ತಂತಿಗೂ ಹತ್ತಿದೆ.

ಸುಂಕಮ್ಮ ಹಾಡುತ್ತಾಳೆ. ಹಾಡುತ್ತಾಳೆ ಅಂದರೆ
ಅವರಮ್ಮ ಒಪ್ಪುವುದಿಲ್ಲ, ಒದರ್ತಾಳೆ ಅಂತಾಳೆ.
ನಲವತ್ತು ಹೊಲಿಗೆ ಯಂತ್ರಗಳ ನಡುವೆ
ದಾರ ಕೇಳಬೇಕಾದರೆ ಒದರಲೇಬೇಕು.
ಏಳು ವರ್ಷ "ದಾರಾ!" ಎಂದು ಒದರಿ ಒದರಿ
ತಯಾರಾದ ಗಂಟಲು ಅದು.
ಎರಡನೇ ಚರಣದಲ್ಲಿ ಆ ಒಂದೇ ಪದವನ್ನು
ಎಂಟು ಎಣಿಕೆಯವರೆಗೆ ಎಳೆದಾಗ
ಮೇಲಿನ ಸಾಲಿನ ಬೇಲೊಂದು ಜಾರಿ ಬಿತ್ತು.
ಯಾರೂ ನಗಲಿಲ್ಲ. ಟೇಕು ಹಾಳು.

ಹನ್ನೆರಡನೇ ಟೇಕಿಗೆ ಕರೆಂಟು ಹೋಯಿತು.
ಹದಿಮೂರನೆಯದಕ್ಕೆ ನಾಯಿ.
ಹದಿನಾಲ್ಕನೆಯದು ಸರಿ ಬಂತು, ಹೆದರಿಕೆಯಾಗುವಷ್ಟು ಸರಿ,
ಕೊನೆಯ ಇಪ್ಪತ್ತು ಸೆಕೆಂಡು ಉಳಿದಿದ್ದಾಗ
ತೋರಣಗಲ್ಲಿನ ಕಡೆ ಅದಿರಿನ ಗೂಡ್ಸು ಹೊರಟಿತು.
ಮೊದಲು ನೆಲದಲ್ಲಿ, ಆಮೇಲೆ ಹಿಮ್ಮಡಿಯಲ್ಲಿ,
ಆಮೇಲೆ ನನ್ನ ದಪ್ಪ ತಂತಿಯಲ್ಲಿ.
ಬೆರಳು ಎತ್ತಿದೆ;
ತಂತಿ ತಾನೇ ನುಡಿಯುತ್ತಿತ್ತು.

ಹೊಸಪೇಟೆಯ ಮಿಕ್ಸಿಂಗ್ ಹುಡುಗ ಹೆಡ್‌ಫೋನ್ ಕೆಳಗಿಟ್ಟು
"ಈ ಗುಂಯ್ ಯಾವುದಣ್ಣ? ಕತ್ತರಿಸಿ ಬಿಡ್ಲಾ?" ಅಂದ.
ಪಂಪಾಪತಿ ತಂಗಿಯ ಕಿವಿಯೋಲೆ ಅಡವಿಟ್ಟು ಗಿಟಾರು ತಂದವನು,
ಚೊಕ್ಕ ಹಾಡು ಬೇಕು ಅಂತ ಅವನ ಹಟ.
ಸುಂಕಮ್ಮ ಬುತ್ತಿ ಡಬ್ಬಿಯ ಮುಚ್ಚಳ ಒತ್ತುತ್ತ
"ಅದನ್ನ ತೆಗೆದ್ರೆ ನನ್ ದನಿನೂ ತೆಗಿ" ಅಂದಳು.
ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಬೇರೆ ಬೇರೆ ಬಸ್ಸು ಹತ್ತಿದರು.
ಹತ್ತು ದಿನ, ಕಾಜಾ-ಗುಂಡಿ ಎಂಬ ನಮ್ಮ ಬ್ಯಾಂಡು
ಇತ್ತೋ ಇಲ್ಲವೋ, ನನಗೇ ತಿಳಿಯದು.
ನಮ್ಮ ಹಾಡು ಕುಡಿದ ಪ್ಯಾಂಟುಗಳನ್ನು ಅಷ್ಟರಲ್ಲಿ
ಸೋಲಾಪುರದಲ್ಲಿ ಯಾರ್ಯಾರೋ ತೊಟ್ಟು ತಿರುಗುತ್ತಿದ್ದಿರಬೇಕು.
ಹನ್ನೊಂದನೇ ದಿನ ಪಂಪಾಪತಿ ಫೋನು ಮಾಡಿ
"ಇರ್ಲಿ ಬಿಡು" ಅಂದ. ಯಾಕೆಂದು ನಾನು ಕೇಳಲಿಲ್ಲ.

ಬಿಡುಗಡೆಯ ರಾತ್ರಿ ನೀರಿನ ಟ್ಯಾಂಕು ಹತ್ತಿದೆವು,
ಸಿಗ್ನಲ್ ಸಿಗುವುದು ಅಲ್ಲೇ.
ಮಿರ್ಚಿ, ವಗ್ಗರಣಿ, ಒಂದು ಫೋನು, ನಾಲ್ಕು ಹಣೆ.
ಹನ್ನೆರಡಕ್ಕೆ ಹಾಡು ಹೊರಬಿತ್ತು. ಏನೂ ಆಗಲಿಲ್ಲ.
ಗುಡ್ಡ ಇದ್ದಲ್ಲೇ ಇತ್ತು, ಬಂಡೆಯ ಮೇಲೆ ಬಂಡೆ.
ಬೆಳಗಾಗುವುದರೊಳಗೆ ಲೆಕ್ಕ ಹದಿನೇಳಕ್ಕೆ ಬಂತು,
ಅದರಲ್ಲಿ ನಾಲ್ಕು ನಾವು,
ಆರು ಸಲ ಖಲಂದರನ ಅಕ್ಕ.

ಮರುದಿನ ಚಹದಂಗಡಿಯಲ್ಲಿ
ವನ್ನೂರಪ್ಪನ ಕಿವಿಗೆ ಇಯರ್‌ಫೋನ್ ತುರುಕಿದೆ.
ಮೂವತ್ತು ವರ್ಷ ರೈಲ್ವೆ ಗೇಟು ಕಾಯ್ದ ಮುದುಕ.
ಸುಂಕಮ್ಮನ ಒದರಾಟಕ್ಕೆ ಮುಖ ಕಿವುಚಿದ,
ಡ್ರಮ್ಮು ಬಂದಾಗ ಗ್ಲಾಸು ಕೆಳಗಿಟ್ಟ,
ನನ್ನ ಬೇಸ್ ಕೇಳಿಸಿತೋ ಇಲ್ಲವೋ.
ಕೊನೆಗೆ ಏನೋ ಹೇಳಹೋದ ನನ್ನೆದುರು
ಗೇಟು ಹಾಕುವವನಂತೆ ಕೈ ಅಡ್ಡ ಹಿಡಿದ.
ಇಪ್ಪತ್ತು ಸೆಕೆಂಡು.

"ಎರಡು ಇಂಜಿನ್" ಅಂದ.
"ಭರ್ತಿ ಗಾಡಿ. ಖಾಲಿ ಅಲ್ಲ."
ಚಹದ ದುಡ್ಡು ಅವನೇ ಕೊಟ್ಟ.