ಬೆನ್ನಿನ ಕಲೆ

ಗಾಜಿನ ಕಾರ್ಖಾನೆಗಳ ಊರು ಟೊಲೀಡೋ. ಇಲ್ಲಿಯ ಕ್ರೀಡಾಂಗಣದ ಕೆಳಗೆ,
ಬಾಯ್ಲರಿನ ಪಕ್ಕದಲ್ಲಿ ನನ್ನ ಕೋಣೆ. ಕಿಟಕಿಯಿಲ್ಲ.
ಆರು ವಾಷಿಂಗ್ ಮಷೀನು, ಒಂದು ಹೊಲಿಗೆ ಯಂತ್ರ,
ಬಿಸ್ಕತ್ತಿನ ಡಬ್ಬಿಯಲ್ಲಿ ಬಟ್ಟೆಯ ಅಕ್ಷರಗಳು.
ಬಂದವರ ಹೆಸರು ಅಂಗಿಯ ಬೆನ್ನಿಗೆ ಹೊಲಿಯುವುದು,
ಹೋದವರದು ಬಿಚ್ಚುವುದು.
ಇಪ್ಪತ್ತಾರು ವರ್ಷದಿಂದ ಇದೇ ಕೆಲಸ, ಇದೇ ಕುರ್ಚಿ.

ಮೇಲೆ ಆಟ ನಡೆಯುವಾಗ ನಾನು ನೋಡುವುದಿಲ್ಲ.
ಸೂರು ಗುಡುಗಿದರೆ ಗೆಲುವು ನಮ್ಮದು.
ಹೆಚ್ಚಿನ ಭಾನುವಾರ ಮಷೀನಿನ ಸದ್ದೇ ಕೇಳುತ್ತದೆ.

ಸಂಜೆ ಬುಟ್ಟಿ ಬರುತ್ತದೆ. ಆಗ ಓದುತ್ತೇನೆ.
ಹುಲ್ಲಿನ ಹಸಿರು ಎದೆಯ ಮೇಲಿದ್ದರೆ
ಹುಡುಗ ಚೆಂಡಿಗಾಗಿ ತಾನೇ ನೆಗೆದು ಬಿದ್ದ.
ಮೊಣಕೈಯ ಮೇಲಿದ್ದರೆ ಓಡುತ್ತ ಓಡುತ್ತ ಸಿಕ್ಕಿಬಿದ್ದ.
ಬೆನ್ನ ತುಂಬ, ಹೆಸರಿನ ಮೇಲೆಯೇ,
ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಇದ್ದರೆ
ಅವನಿಗೆ ಚೆಂಡು ಎಸೆಯಲು ಪುರುಸೊತ್ತೇ ಸಿಗಲಿಲ್ಲ,
ಮುಂದೆ ನಿಂತು ಕಾಯಬೇಕಾದವರು ಕಾಯಲಿಲ್ಲ.

ನಮ್ಮ ಕ್ವಾರ್ಟರ್‌ಬ್ಯಾಕುಗಳ ಅಂಗಿಗೆ
ಹನ್ನೊಂದು ವರ್ಷದಿಂದ ಬೆನ್ನಲ್ಲೇ ಕೊಳೆ.

ಈ ಆಟದಲ್ಲಿ ಒಂದು ವಿಚಿತ್ರ ಧರ್ಮವಿದೆ:
ಎಲ್ಲರಿಗಿಂತ ಹೆಚ್ಚು ಸೋತವರಿಗೆ
ಏಪ್ರಿಲ್ಲಿನ ಪಂಕ್ತಿಯಲ್ಲಿ ಮೊದಲ ಎಲೆ.
ಕಾಲೇಜಿನಿಂದ ಬಂದ ಹುಡುಗರಲ್ಲಿ ಬೇಕಾದವನನ್ನು
ನೀವೇ ಮೊದಲು ಆರಿಸಿಕೊಳ್ಳಿ, ಎನ್ನುತ್ತಾರೆ.
ಹಸಿದವನಿಗೆ ಮೊದಲು ಬಡಿಸುವುದು ನ್ಯಾಯವೇ.
ಆದರೆ ನಮ್ಮವರು ಪ್ರತಿ ಸಲ ಪಾಯಸಕ್ಕೇ ಕೈ ಚಾಚುತ್ತಾರೆ,
ಅನ್ನ ಕೇಳುವುದೇ ಇಲ್ಲ.

ಮಾಲೀಕರ ಅಳಿಯ ಹಾರ್ಲನ್ ವೀಟ್ಲಿ ಈಗ ಮ್ಯಾನೇಜರು.
ಅವರಿಗಿಂತ ಮುಂಚೆ, ಮಾಲೀಕರ ಗಾಲ್ಫ್ ಗೆಳೆಯ.
ವೇದಿಕೆಯ ಮೇಲೆ ಟೋಪಿ ತೊಟ್ಟರೆ ಮಿಂಚುವ ಹುಡುಗ ಬೇಕು,
ಟಿಕೆಟ್ಟು ಮಾರಿಹೋಗಬೇಕು.
ನೂರೈವತ್ತು ಕಿಲೋ ತೂಗುವ, ಸುಮ್ಮನೆ ಅಡ್ಡ ನಿಲ್ಲುವ
ಗಾರ್ಡುಗಳ ಪೋಸ್ಟರನ್ನು ಯಾರು ಕೊಳ್ಳುತ್ತಾರೆ?

ಹೀಗೆ ಬಂದ ಕಾಲ್ಡರ್ ಬ್ರಿಗ್ಸ್. ಎರಡು ವರ್ಷ. ಭುಜ.
ಹೀಗೆ ಬಂದ ಟೆವಿನ್ ಮೋಸ್ಬಿ. ಹದಿನಾಲ್ಕು ಪಂದ್ಯ.
ಮೋಸ್ಬಿಯ ‘ಎಸ್’ ಬ್ರಿಗ್ಸನಿಂದ ಬಿಚ್ಚಿದ್ದು.
ಆಮೇಲೆ, ಮುಂದಿನ ವರ್ಷಗಳ ಸರದಿಯನ್ನೆಲ್ಲ ಒತ್ತೆಯಿಟ್ಟು ತಂದ ಒಬ್ಬ,
ಹನ್ನೆರಡು ಅಕ್ಷರದ ಹೆಸರು,
ಹೊಲಿದು ಮುಗಿಸುವಷ್ಟರಲ್ಲಿ ಅವನನ್ನು ಪಡುವಣಕ್ಕೆಲ್ಲೋ ಮಾರಿದ್ದರು.
ಕೋಚುಗಳು ನಾಲ್ವರು. ಒಬ್ಬೊಬ್ಬರದು ಒಂದೊಂದು ವಿದ್ಯೆ.
ಅವರು ಬಿಟ್ಟುಹೋದ ದಪ್ಪ ಪುಸ್ತಕಗಳು ನನ್ನ ಬಾಯ್ಲರಿನ ಬಳಿ
ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗಿವೆ.

ಕುಣಿಯಲು ಬಾರದವರು ನೆಲ ಡೊಂಕೆಂದರೆ ಆಡಿಕೊಳ್ಳಬಹುದು.
ನಮ್ಮವರು ನೆಲವನ್ನೇ ಕಿತ್ತು ಹೊಸ ಹುಲ್ಲು ಹಾಸಿದರು.
ಹೊಸ ಹುಲ್ಲಿನ ಕಲೆ ಇನ್ನೂ ಗಟ್ಟಿ.

ಒಮ್ಮೆ ನವೆಂಬರಿನಲ್ಲಿ ವೀಟ್ಲಿ ಕೆಳಗಿಳಿದು ಬಂದರು,
ಟೈ ಮೇಲೆ ಕಾಫಿ ಚೆಲ್ಲಿತ್ತು.
ಅದನ್ನು ಉಜ್ಜುತ್ತ, ಏಳನೇ ನಂಬರಿನ ಅಂಗಿಯನ್ನು
ಬೆನ್ನು ಮೇಲಾಗುವಂತೆ ಮೇಜಿನ ಮೇಲೆ ಹಾಸಿದೆ.
ಬಹಳ ಹೊತ್ತು ನೋಡಿದರು.
“ಇದು ಹೋಗುತ್ತದಲ್ಲವೇ, ಎಟೆಲ್ಕಾ?”
“ಹೋಗುತ್ತದೆ. ಭಾನುವಾರ ಮತ್ತೆ ಬರುತ್ತದೆ.”
“ಒಳ್ಳೆಯ ಸೋಪು ತರಿಸೋಣ,” ಎಂದರು ವೀಟ್ಲಿ.
ತರಿಸಿದರು ಕೂಡ. ಸುಳ್ಳು ಹೇಳಬಾರದು.

ಈಗ ಮತ್ತೆ ಏಪ್ರಿಲ್. ಮತ್ತೆ ನಮಗೇ ಮೊದಲ ಎಲೆ.
ಹೊಸ ಹುಡುಗ ಆಮಾರಿ ಪ್ರೂಯಿಟ್ ತಾನೇ ಹುಡುಕಿಕೊಂಡು ಬಂದ.
ಹೆಸರು ಹೊಲಿಯುವುದನ್ನು ನೋಡಬೇಕಂತೆ,
ಫೋನಿನಲ್ಲಿ ಅಜ್ಜಿಗೂ ತೋರಿಸಬೇಕಂತೆ.
ಅಲಬಾಮಾದ ಅಡುಗೆಮನೆಯಿಂದ ಅಜ್ಜಿ ಹಿಟ್ಟಿನ ಕೈ ಬೀಸಿದಳು.
“ಗಟ್ಟಿಯಾಗಿ ಹೊಲಿಯಮ್ಮಾ,” ಎಂದಳು.

ಬಿಚ್ಚಲು ಸುಲಭವಾಗಲೆಂದು ಕೆಲವು ವರ್ಷಗಳಿಂದ
ನನ್ನ ಹೊಲಿಗೆ ಸಡಿಲ.
ಅದನ್ನು ಹೇಳಲಿಲ್ಲ.
ಕನ್ನಡಕ ಒರೆಸಿಕೊಂಡು
ಎರಡೆಳೆ ದಾರ ಪೋಣಿಸಿದೆ.