ಒಂದೊಂದು ಹೋಳಿಗೂ ಒಂದು ಕಣ್ಣು

ಮೇ ತಿಂಗಳು. ಹಾಸನದ ಎಪಿಎಂಸಿ ಯಾರ್ಡು.
ಜಲಂಧರಿನ ಲಾರಿ ಸುರಿದುಹೋದ ಬಿತ್ತನೆ ಗೆಡ್ಡೆಯ ರಾಶಿ,
ರಾಶಿಯ ಮುಂದೆ ಜವರಮ್ಮ, ಅವಳ ಸುತ್ತ ನಾಲ್ಕು ಮಂಕರಿ,
ಬೆನ್ನ ಹಿಂದೆ ಮಡಚುವ ಕುರ್ಚಿಯಲ್ಲಿ ನಾನು,
ಗೆರೆ ಎಳೆದ ಪುಸ್ತಕ, ಕಿವಿಗೆ ಸಿಕ್ಕಿಸಿದ ಪೆನ್ನು.

ದಪ್ಪ. ಮಧ್ಯಮ. ಗೋಲಿ. ಕೊಳೆ.
ಅವಳು ನೋಡುವ ಮೊದಲೇ ಕೈ ಎಸೆದಿರುತ್ತಿತ್ತು.
ಅದೆಂಗೆ ಗೊತ್ತಾಗ್ತದೆ ಎಂದರೆ
“ನಂಗೇನು ಗೊತ್ತು, ಗೆಡ್ಡೆನೇ ಹೇಳ್ತದೆ” ಅನ್ನುವಳು,
ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸುತ್ತ.

ಗೆಡ್ಡೆ ಏನೂ ಹೇಳುವುದಿಲ್ಲವೆಂದು ತಿಳಿದದ್ದು
ಒಂದು ಬೆಳಿಗ್ಗೆ, ಅವಳು ಸೆರಗು ಸಿಕ್ಕಿಸಿ ಕೂತು
ರಾಶಿಯನ್ನೇ ದಿಟ್ಟಿಸಿ ಕೇಳಿದಾಗ:
“ರೈಟ್ರೇ, ಇದೇನಿದು ಇಲ್ಲಿ ಸುರಿದವ್ರೆ?”
ನಾನು ನಕ್ಕೆ. ಅವಳು ನಗಲಿಲ್ಲ.
ಕೈ ಇಟ್ಟಳು. “ಅಯ್ಯೋ, ಗೆಡ್ಡೆ!”

ದೊಡ್ಡಾಸ್ಪತ್ರೆಯ ಎಳೆ ಡಾಕ್ಟರಮ್ಮ ಲೋಟ ತೋರಿಸಿದರು.
“ದುಂಡಗೈತೆ. ಮೇಲೆ ಬಾಯಿ. ಬೆಳ್ಳಗೆ ಹೊಳೀತದೆ.”
ಏನದು?
“ಅದೇ ತಾನೆ ನಾನೂ ಕೇಳಾದು.”
ಆಮೇಲೆ ಒಂದು ಗೊಂಚಲು. “ಹಲ್ಲು ಕಿರ್ದಂಗೈತೆ.”
ಅಲ್ಲಾಡಿಸಿದರು, ಝಣ್.
“ಬೀಗದ ಕೈ!”
ಕಳೆದುಹೋದ ಕೋಳಿ ಸಿಕ್ಕಿದಂಥ ಮುಖ.

ಕಣ್ಣಿಗೇನೂ ಆಗಿಲ್ಲ, ಎಂದರು ಡಾಕ್ಟರಮ್ಮ.
ಕಣ್ಣು ತಂದು ಸುರಿಯುತ್ತದಷ್ಟೆ, ನಿಮ್ಮ ಲಾರಿಯ ಹಾಗೆ.
ಆರಿಸುವವರು ಒಳಗಿದ್ದಾರೆ, ಹಿಂದಲೆಯಿಂದ ಕಿವಿಯ ಬುಡದವರೆಗೆ
ಸಾಲಾಗಿ ಕೂತು: ಇದು ಅಂಚು, ಇದು ಬಣ್ಣ,
ಇದು ಮುಖ, ಇದು ಮರ, ಇದು ತಿನ್ನುವಂಥದ್ದು,
ಇದು ಕಚ್ಚುವಂಥದ್ದು, ಓಡು.
ರೆಪ್ಪೆ ಬಡಿಯುವಷ್ಟರಲ್ಲಿ ಮಂಕರಿ ತುಂಬಿರುತ್ತದೆ.
ಯಾವುದೋ ಕೂದಲೆಳೆಯಂಥ ನಾಳ ಕಟ್ಟಿಕೊಂಡು
ಜವರಮ್ಮನ ಒಳಗಿನ ಆಳುಗಳು ಎದ್ದುಹೋಗಿದ್ದಾರೆ.
ರಾಶಿ ಮಾತ್ರ ಬೀಳುತ್ತಲೇ ಇದೆ.

ಆಟೋದಲ್ಲಿ ಕರೆದೊಯ್ದೆ. ಎನ್.ಆರ್. ಸರ್ಕಲ್ಲಿನಲ್ಲಿ
ಕೆಂಪನೆಯ ಗೋಡೆಯೊಂದು ನಡೆದು ಬಂತು ಅವಳ ಮೇಲೆ;
ಹಾರ್ನು ಹೊಡೆದ ಮೇಲೆ ಅದು ಬಸ್ಸಾಯಿತು.
ಮನೆ ಬಾಗಿಲಲ್ಲಿ ಎರಡು ಕಪ್ಪು, ಒಂದಿಷ್ಟು ಒದ್ದೆ ಗುಲಾಬಿ, ಒಂದು ರಿಬ್ಬನ್ನು.
ನೋಡಿದಳು, ನೋಡೇ ನೋಡಿದಳು, ಹೆದರಿ ಹಿಂದೆ ಸರಿದಳು.
“ಅಜ್ಜೀ” ಅಂದಿತು ರಿಬ್ಬನ್ನು.

ಆ ರಾತ್ರಿ ಪುಸ್ತಕ ತೆರೆದೆ. ಹನ್ನೊಂದು ವರ್ಷದ್ದು.
ಹೆಣ್ಣಾಳು ಆರು. ಹೆಣ್ಣಾಳು ನಾಲ್ಕು. ಹೆಣ್ಣಾಳು ಏಳು.
ಅವಳ ಗಲ್ಲದ ಮೇಲೆ ಹಚ್ಚೆಯ ಮೂರು ಚುಕ್ಕಿ ಇರುವುದು
ಆಟೋದಲ್ಲಿ ಪಕ್ಕ ಕೂತಾಗ ಕಂಡದ್ದು, ಮೊದಲ ಸಲ.
ನನ್ನ ಒಳಗಿನ ಆಳುಗಳು ಬಲು ಚುರುಕು.
ಎಂದೋ ಎಸೆದುಬಿಟ್ಟಿದ್ದರು ಅವಳನ್ನು ಒಂದು ಮಂಕರಿಗೆ.

ಮೂರು ವಾರಕ್ಕೆ ಬಂದಳು. ಆರಿಸುವುದು ಬೇಡ,
ಬಿತ್ತನೆಗೆ ಹೆಚ್ಚುತ್ತೀನಿ ಅಂದಳು.
ಹೋಳು ಹೋಳಿಗೂ ಒಂದು ಕಣ್ಣು ಇರಬೇಕು,
ಇಲ್ಲದಿದ್ದರೆ ಮಣ್ಣಲ್ಲೇ ಕೊಳೆಯುತ್ತದೆ.
ತನ್ನೆರಡು ಮುಚ್ಚಿ, ಹೆಬ್ಬೆರಳಲ್ಲಿ ಗೆಡ್ಡೆಯ ಕಣ್ಣು ತಡವಿ
ಪಕ್ಕಕ್ಕೆ ಚಾಕು ಇಳಿಸುತ್ತಾಳೆ. ಒಂದೂ ತಪ್ಪಿಲ್ಲ.

ಕಾಲಮ್ಮಿನಲ್ಲಿ “ಜವರಮ್ಮ” ಎಂದು ಬರೆದೆ.
ಮೊತ್ತ ತಾಳೆಯಾಗದೆ ಮಂಡಿ ಸಾಹುಕಾರರು ಬೈದರು.

ನಡುನಡುವೆ ಕಣ್ಣು ತೆರೆದು ಹಸಿ ಹೋಳೊಂದನ್ನು
ದೂರ ಹಿಡಿದು ನೋಡುತ್ತಾಳೆ.
ಏನ್ ಕಾಣ್ತದೆ ಜವರಮ್ಮ?
“ಏನೋ ಒಂದು. ಸುಮ್ಕಿರಿ ರೈಟ್ರೇ,
ಹೆಸರು ಹೇಳ್ಬೇಡಿ ಈಗ್ಲೇ.”