ಸಿಪ್ಪೆ ನನ್ನದು

ಮಾರ್ಕೆಟ್ಟಿನ ಹಿಂದೆ, ದಂತ ಕಾಲೇಜಿನ ಗೇಟಿಗೆ ಬೆನ್ನು ಕೊಟ್ಟು
ರಾತ್ರಿ ಹನ್ನೊಂದರವರೆಗೂ ಉರಿಯುತ್ತದೆ ಅಂಜಲೈಯ ಸ್ಟೌ.
ಎಗ್‌ರೈಸು ನಿಮ್ಮದು. ಸಿಪ್ಪೆ ನನ್ನದು.
ಕವರಿನಲ್ಲಿ ಕಟ್ಟಿಟ್ಟಿರುತ್ತಾಳೆ,
"ತಗೊಳ್ಳಿ ಮೇಡಂ, ನಿಮ್ ಬಂಗಾರ."

ಕುದಿಸಿ, ಒಳಪೊರೆ ಸುಲಿದು, ಒಣಗಿಸಿ, ಅರೆದು
ಒಂಬೈನೂರು ಡಿಗ್ರಿಯ ಕುಲುಮೆಗೆ ಹಾಕಿದರೆ
ಮೊಟ್ಟೆ ತಾನು ಮೊಟ್ಟೆಯಾಗಿದ್ದನ್ನು ಮರೆತು
ಸುಣ್ಣವಾಗುತ್ತದೆ.
ಓಪಿಡಿಯ ಕಂಬಕ್ಕೆ ಎಲೆಯಡಿಕೆಯವರು
ಬೆರಳು ಒರೆಸಿ ಹೋಗುತ್ತಾರಲ್ಲ, ಅದೇ ಸುಣ್ಣ.
ಇನ್ನೊಂದು ಪಾಲು ಭತ್ತದ ಹೊಟ್ಟಿನ ಬೂದಿ,
ಮದ್ದೂರಿನ ಗಿರಣಿಯಿಂದ ಕೆಂಪು ಬಸ್ಸಿನ ಡಿಕ್ಕಿಯಲ್ಲಿ ಬಂದದ್ದು.
ನೆನೆದರೆ ನಗು:
ಅವಳ ಬಾಣಲೆಯಲ್ಲಿ ಸೇರುವ ಮೊಟ್ಟೆ, ಅಕ್ಕಿ
ನನ್ನ ಕುಲುಮೆಯಲ್ಲೂ ಸೇರುತ್ತವೆ,
ತಿನ್ನಲಾಗದ ಪಾಲು ಮಾತ್ರ.

ಹಳೆಯ ಬೆಳ್ಳಿ ಫಿಲ್ಲಿಂಗು ಬಾಡಿಗೆದಾರನ ಹಾಗೆ.
ಅಡ್ವಾನ್ಸು ಕೊಟ್ಟು ಹಲ್ಲಿನ ಗುಂಡಿಯಲ್ಲಿ ಕೂರುತ್ತದೆ,
ಗೋಡೆಯ ಜೊತೆ ಒಂದು ಮಾತಿಲ್ಲ.
ನನಗೆ ಬೇಕಿರುವುದು ಮಾತಾಡುವ ಸಿಮೆಂಟು.
ಎಂಜಲು ತಾಕಿದರೆ ಅದು ಸುಣ್ಣ ಬಿಡಬೇಕು,
ಸುಣ್ಣ ಕಂಡು ಹಲ್ಲು ತನ್ನ ಹಳೆಯ ವಿದ್ಯೆ ನೆನೆಯಬೇಕು,
ಇಬ್ಬರ ನಡುವಿನ ಗೆರೆ ಯಾರದೆಂದು
ಸೂಕ್ಷ್ಮದರ್ಶಕಕ್ಕೂ ತಿಳಿಯಬಾರದು.

ಕಾಗದದ ಮೇಲೆ ಚೆನ್ನಾಗಿದೆ.
ಮೊದಲ ಹದ ನಾಲ್ಕು ಗಂಟೆಯಾದರೂ ಗಟ್ಟಿಯಾಗಲಿಲ್ಲ.
ಅಷ್ಟು ಹೊತ್ತು ಬಾಯಿ ತೆರೆದು ಕೂತರೆ
ಪಾರಿವಾಳವೇ ಗೂಡು ಕಟ್ಟೀತು ಅಂದರು ಪ್ರೊಫೆಸರ್ ಬಿದ್ದಪ್ಪ.
ಮೂರನೆಯದು ಬಿರುಕು ಬಿಟ್ಟಿತು.
ಆರನೆಯದನ್ನು ನಡುರಾತ್ರಿ ಕರೆಂಟು ತೆಗೆದು
ಬೆಸ್ಕಾಂ ತಿಂದಿತು.

ಅಂಜಲೈ ಎಡದವಡೆಯಲ್ಲಿ ಲವಂಗ ಕಚ್ಚಿಕೊಂಡೇ
ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣೀರು ಯಾವುದರದೋ.
"ನಿಮ್ ಸಿಮೆಂಟು ಯಾವಾಗ ರೆಡಿ ಆಗ್ತದೆ ಮೇಡಂ?"
ಹೇಳಿದೆ: ಮೊದಲು ಇಲಿ. ಆಮೇಲೆ ಮೊಲ. ಆಮೇಲೆ ಕಮಿಟಿ.
ಆಮೇಲೆ ಇನ್ನೊಂದು ಕಮಿಟಿ.
"ಅಂದ್ರೆ?"
ಏಳು ವರ್ಷ.
ಸೌಟಿನಿಂದ ಬಾಣಲೆಗೆ ಎರಡು ಸಲ ಬಡಿದು ನಕ್ಕಳು.
"ಹಲ್ಲು ಕಾಯಲ್ಲ ಮೇಡಂ ಅಷ್ಟು ದಿನ."

ರೂಟ್ ಕೆನಾಲಿಗೆ ನಾಲ್ಕು ಸಲ ಬರಬೇಕು, ನಾಲ್ಕು ದಿನ ಬಂಡಿ ನಿಲ್ಲಬೇಕು.
ಕೀಳಲು ಒಂದು ಬೆಳಿಗ್ಗೆ ಸಾಕು.
ಮಂಗಳವಾರ ಕಿತ್ತರು.
ಸಂಶೋಧನೆಗೆ ಕೊಡುತ್ತೇನೆ ಎಂಬ ಸಾಲಿನ ಕೆಳಗೆ
ತಮಿಳಿನಲ್ಲಿ ಸಹಿ. ಎರಡು ಸಲ ಓದಿಸಿಕೊಂಡಳಂತೆ.

ಡಬ್ಬಿಗೆ ಹೆಸರಿಲ್ಲ. ನಂಬರು ನಲವತ್ತೊಂದು.
ಅದು ನಿಯಮ, ನನಗೆ ಗೊತ್ತಿರಬಾರದು.
ಎಷ್ಟು ತೊಳೆದರೂ ಆ ದವಡೆಹಲ್ಲಿಗೆ
ಲವಂಗದ ವಾಸನೆ.

ಅದರ ಗುಂಡಿಗೆ ಒಂಬತ್ತನೆಯ ಹದ ತುಂಬಿದೆ.
ಮೈಬಿಸಿಯ ಉಪ್ಪುನೀರಿನಲ್ಲಿ ಇಪ್ಪತ್ತೆಂಟು ದಿನ.
ಎರಡು ದಿನಕ್ಕೊಮ್ಮೆ ನೀರು ಬದಲಿಸಿದೆ,
ಮೀನು ಸಾಕಿದ ಹಾಗೆ.

ಎಲೆಕ್ಟ್ರಾನ್ ಮೈಕ್ರೊಸ್ಕೋಪಿನ ಸರದಿ ಸಿಕ್ಕಿದ್ದು
ಯಶವಂತಪುರದಾಚೆ, ಶನಿವಾರ ರಾತ್ರಿ.
ಹತ್ತು ಸಾವಿರ ಪಟ್ಟು. ಮೊದಲು ಬರೀ ಬೂದು.
ಆಪರೇಟರ್ ತಿಪ್ಪೇರುದ್ರ ಆಕಳಿಸುತ್ತ ಫೋಕಸ್ ತಿರುಗಿಸಿದ.
ಹಲ್ಲು ಮುಗಿದು ಸಿಮೆಂಟು ಶುರುವಾಗುವಲ್ಲಿ
ಗೆರೆ ಇರಲಿಲ್ಲ.
ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಬಿಳಿ ಸೂಜಿಗಳು,
ಕಾಮಕಸ್ತೂರಿ ಬೀಜ ನೆನೆದು ಉಬ್ಬಿದ ಹಾಗೆ.
"ಸಿಕ್ತಾ?" ಅಂದ ತಿಪ್ಪೇರುದ್ರ.
ತಲೆಯಾಡಿಸಿದೆ.
ಅವಳ ಹಲ್ಲು ಅವಳ ಸಿಪ್ಪೆಯ ಜೊತೆ ಸೇರಿ
ವಾಸಿಯಾಗಿತ್ತು,
ಬಾಯೊಂದಿರಲಿಲ್ಲ.

ಮರುದಿನ ಬಂಡಿಯ ಮುಂದೆ ನಿಂತೆ.
ಹೇಳುವಂತಿಲ್ಲ, ನಿಯಮ.
ಬಲಗಡೆಯಿಂದ ಏನೋ ಅಗಿಯುತ್ತ ಅವಳು ಕವರು ಚಾಚಿದಳು.
"ಇವತ್ತು ಜಾಸ್ತಿ ಇದೆ ಮೇಡಂ. ಸಂಡೇ."
ಸಿಪ್ಪೆಯೊಳಗಿನ ಲೋಳೆ
ಇನ್ನೂ ಆರಿರಲಿಲ್ಲ.